ನಾಲ್ಕು ಗಂಟೆಯ ಜಗಳ

ಹೋಬರ್ಟ್ ರ್ಯಾಟ್ಲಿಫ್‌ನನ್ನು ಹೆಂಡತಿ ಮನೆಯಿಂದ ಹೊರಗೆ ಹಾಕಿದ್ದು ಒಂದು ಮಂಗಳವಾರ. ಬುಧವಾರದ ಹೊತ್ತಿಗೆ ಇಬ್ಬರಿಗೂ ಸಿಟ್ಟು ಇಳಿದಿತ್ತು. ಆದರೂ ಆ ಬೇಸಿಗೆ ಮುಗಿಯುತ್ತ ಬರುವವರೆಗೆ ಅವನನ್ನು ಮನೆಗೆ ಹೋಗಲು ಊರಿನವರು ಬಿಡಲಿಲ್ಲ. ಇದಕ್ಕೆಲ್ಲ ಕಾರಣ ಟ್ಯಾಕೆಟ್ ಫೋರ್ಕ್ ಮ್ಯೂಲ್ಸ್ ಎಂಬ ಬೇಸ್‌ಬಾಲ್ ತಂಡ.

ಮ್ಯೂಲ್ಸ್ ಅಂದರೆ ಹೇಸರಗತ್ತೆಗಳು. ಹಿಂದೆ ಗಣಿಯೊಳಗೆ ಕಲ್ಲಿದ್ದಲಿನ ಬಂಡಿ ಎಳೆದೆಳೆದು ಸತ್ತ ಪ್ರಾಣಿಗಳ ನೆನಪಿಗೆ ಇಟ್ಟ ಹೆಸರು ಎಂದು ಊರಿನವರು ಹೇಳುತ್ತಾರೆ. ತಂಡದ ಆಟ ನೋಡಿದವರಿಗೆ ಬೇರೆ ಕಾರಣವೂ ಹೊಳೆಯುತ್ತದೆ. ಗಣಿಯ ಕೂಲಿಗಳು ಭಾನುವಾರ ಕುಡಿಯದಿರಲಿ, ಸಂಘ ಕಟ್ಟದಿರಲಿ ಎಂದು ಕಂಪನಿಯವರು ಈ ತಂಡ ಶುರು ಮಾಡಿದರು. ಕೂಲಿಗಳು ಆಟ ನೋಡುತ್ತ ಕುಡಿದರು, ಕುಡಿಯುತ್ತ ಸಂಘ ಕಟ್ಟಿದರು. ಕೊನೆಗೆ ಗಣಿ ಮುಚ್ಚಿತು, ಕಂಪನಿ ಗಂಟುಮೂಟೆ ಕಟ್ಟಿತು, ತಂಡ ಮಾತ್ರ ಉಳಿಯಿತು. ಇಷ್ಟು ವರ್ಷದಲ್ಲಿ ಲೀಗಿನ ಕಪ್ ಗೆದ್ದದ್ದು ಒಂದೇ ಸಲ. ಅದೂ ಫೈನಲ್ ಆಡಲು ಬರುತ್ತಿದ್ದ ಎದುರಾಳಿಗಳ ಬಸ್ಸು ಬೆಟ್ಟದ ದಾರಿಯಲ್ಲಿ ಕೆಟ್ಟು ನಿಂತಿದ್ದರಿಂದ. ಆ ಬಸ್ಸಿನ ಡ್ರೈವರಿಗೆ ಟ್ಯಾಕೆಟ್ ಫೋರ್ಕಿನಿಂದ ಪ್ರತಿ ಕ್ರಿಸ್‌ಮಸ್ಸಿಗೂ ಹೊಗೆಯಾಡಿಸಿದ ಹಂದಿ ತೊಡೆ ಹೋಗುತ್ತದೆ. ಇಲ್ಲಿಂದ ಏರಿ ಏರಿ ದೊಡ್ಡ ಲೀಗ್ ಮುಟ್ಟಿದವನು ಒಬ್ಬನೇ. ಮೊದಲ ದಿನವೇ ಮೆಟ್ಟಿಲಲ್ಲಿ ಎಡವಿ ಕಾಲು ಮುರಿದುಕೊಂಡು ವಾಪಸು ಬಂದ. ಊರ ಸೇತುವೆಗೆ ಅವನ ಹೆಸರನ್ನೇ ಇಟ್ಟಿದ್ದಾರೆ, ಅದರ ಮೇಲೆ ಅವನು ದಿನವೂ ಕುಂಟುತ್ತ ಹೋಗುತ್ತಾನೆ.

ಬೇಸ್‌ಬಾಲ್ ಏಣಿಯ ಕಟ್ಟಕಡೆಯ ಮೆಟ್ಟಿಲು ಇದು. ಹದಿನೆಂಟು ತುಂಬಿದ ಹುಡುಗರನ್ನು ದೊಡ್ಡ ಕ್ಲಬ್ಬಿನವರು ಇಲ್ಲಿಗೆ ಕಳಿಸುತ್ತಾರೆ. ಚೆನ್ನಾಗಿ ಆಡಿದವನನ್ನು ಮೇಲಕ್ಕೆ ಕರೆಸಿಕೊಳ್ಳುತ್ತಾರೆ, ಆಡದವನನ್ನು ಮನೆಗೆ ಅಟ್ಟುತ್ತಾರೆ, ಎರಡೂ ಅಲ್ಲದವರು ಊರಿನ ಪಾಲಿಗೆ ಉಳಿಯುತ್ತಾರೆ. ಆ ವರ್ಷವಂತೂ ದೊಡ್ಡ ಕ್ಲಬ್ಬಿನವರು ಈ ಬೇಸಿಗೆ ಮುಗಿದ ಮೇಲೆ ತಂಡವನ್ನೇ ಮುಚ್ಚುತ್ತೇವೆ ಎಂದಿದ್ದರು. ಅಂದರೆ ಹೇಳಿಕೊಳ್ಳಲು ಏನಾದರೂ ಬೇಕಿದ್ದರೆ ಅದು ಈ ಬೇಸಿಗೆಯಲ್ಲೇ ಆಗಬೇಕಿತ್ತು. ಕೆಟ್ಟ ಬಸ್ಸಿನ ಕಪ್ಪನ್ನು ಊರಿನವರೂ ಮನಸಾರೆ ಹೊಗಳುತ್ತಿರಲಿಲ್ಲ.

ಹೋಬರ್ಟ್ ಈ ತಂಡದ ಮೈದಾನ ನೋಡಿಕೊಳ್ಳುವವನು. ಹುಲ್ಲು ಕತ್ತರಿಸುವುದು, ಮಣ್ಣು ಹದ ಮಾಡುವುದು, ಸುಣ್ಣದ ಗೆರೆ ಎಳೆಯುವುದು, ಮಳೆ ಬಂದರೆ ಓಡಿ ಟಾರ್ಪಾಲು ಹೊದಿಸುವುದು. ಮದುವೆಯಾಗುವ ಮೊದಲಿನಿಂದಲೂ ಇದೇ ಕೆಲಸ. ಅವನ ಹುಲ್ಲಿನ ಬಗ್ಗೆ ಎದುರಾಳಿಗಳೂ ಟೋಪಿ ತೆಗೆದು ಮಾತಾಡುತ್ತಿದ್ದರು, ಅವನಿಗೆ ಅಷ್ಟು ಸಾಕಾಗಿತ್ತು.

ಇನ್ನು ಆ ಮಂಗಳವಾರದ ವಿಚಾರ. ಲೊರೀನ್ ಅಡುಗೆಮನೆಯ ನೆಲ ಒರೆಸಿ ಸೊಂಟ ನೀವಿಕೊಳ್ಳುತ್ತಿದ್ದಳು. ಹೋಬರ್ಟ್ ನೀರು ಕುಡಿಯಲು ಸುಣ್ಣದ ಬೂಟಿನಲ್ಲೇ ಒಳಗೆ ಬಂದ. ಬಾಗಿಲಿನಿಂದ ನಲ್ಲಿವರೆಗೆ, ನಲ್ಲಿಯಿಂದ ಬಾಗಿಲಿನವರೆಗೆ ಬೆಳ್ಳಗೆ ಹೆಜ್ಜೆ ಮೂಡಿದವು. ಲೊರೀನ್ ಒಲೆಯಿಂದ ಆಗತಾನೆ ಇಳಿಸಿದ ಕಬ್ಬಿಣದ ಬಾಣಲೆಯನ್ನು, ಅದರೊಳಗಿದ್ದ ಮೆಕ್ಕೆಜೋಳದ ಬ್ರೆಡ್ಡಿನ ಸಮೇತ ಎತ್ತಿಕೊಂಡು ಅವನ ಹಿಂದೆಯೇ ಜಗುಲಿಗೆ ಬಂದಳು.

"ನಿಂಗೆ ಆ ಹುಲ್ಲು ಬಿಟ್ರೆ ಬೇರೆ ಏನೂ ಕಾಣ್ಸಲ್ಲ!" ಎಂದು ಕೂಗಿದಳು. "ನಾನ್ ಸತ್ರೂ ಆಟ ಇಲ್ದಿರೋ ದಿನ ನೋಡಿ ಹೂಳ್ತೀಯ ನೀನು!"

"ಹಂಗಾದ್ರೆ ಆಟ ಇಲ್ದಿರೋ ದಿನ ನೋಡ್ಕೊಂಡೇ ಸಾಯಿ, ಇಬ್ರಿಗೂ ಅನುಕೂಲ!" ಎಂದ ಹೋಬರ್ಟ್.

ಬಾಣಲೆ ಹಾರಿತು. ಹೋಬರ್ಟ್ ಬಗ್ಗಿದ. ಅವನ ಪಿಕಪ್ಪಿನ ಎಡಗಡೆ ಹೆಡ್‌ಲೈಟು ಚೂರಾಯಿತು. ಪಕ್ಕದ ಮನೆಯ ಸಾರ್ಜ್ ಎಂಬ ನಾಯಿ ಬೇಲಿ ನುಸುಳಿ ಬಂದು ಬ್ರೆಡ್ಡನ್ನು ಕಚ್ಚಿಕೊಂಡು ಓಡಿತು. ಅದೇ ಹೊತ್ತಿಗೆ ಬೀದಿಯಲ್ಲಿ ಬಂದ ಅಂಚೆಯವನು ಏನು ಹೇಳಬೇಕೋ ತೋಚದೆ, "ಬಿಸಿಲು ಜಾಸ್ತಿ ಆಯ್ತಲ್ವಾ ಇವತ್ತು?" ಎಂದು ಕೇಳಿ ಮುಂದೆ ಹೋದ. ಹೋಬರ್ಟ್ ಮುಖ ಊದಿಸಿಕೊಂಡು ತಮ್ಮ ಕ್ಲೆಲ್‌ನ ಟ್ರೇಲರ್ ಮನೆಗೆ ನಡೆದ.

ಇದನ್ನೆಲ್ಲ ಜಗುಲಿಯ ಮೆಟ್ಟಿಲ ಮೇಲೆ ಕುಳಿತು ಬೂಟಿನ ದಾರ ಕಟ್ಟುತ್ತಿದ್ದ ವಾಂದಿ ಬ್ರಿತೊ ನೋಡುತ್ತಿದ್ದ. ಡೊಮಿನಿಕನ್ ದೇಶದಿಂದ ಬಂದ ಆಟಗಾರ. ಮ್ಯೂಲ್ಸ್ ಹುಡುಗರು ಊರಿನವರ ಮನೆಗಳಲ್ಲೇ ಉಳಿಯುವುದು ರೂಢಿ, ವಾಂದಿ ರ್ಯಾಟ್ಲಿಫ್ ದಂಪತಿಯ ಪಾಲಿಗೆ ಬಂದಿದ್ದ. ಬಂದಾಗಿನಿಂದ ಅವನ ಬ್ಯಾಟಿಗೆ ಒಂದೂ ಹಿಟ್, ಅಂದರೆ ಓಡಿ ಮೊದಲ ನೆಲೆ ಮುಟ್ಟುವಂಥ ಹೊಡೆತ, ಸಿಕ್ಕಿರಲಿಲ್ಲ. ಮನೆಗೆ ಕಳಿಸುವ ವಿಮಾನದ ಟಿಕೆಟ್ಟು ಆಫೀಸಿನ ಮೇಜಿನ ಮೇಲೆ ಬಂದು ಕೂತಿದೆ ಎಂಬ ಸುದ್ದಿ ಅವನ ಕಿವಿಗೂ ಬಿದ್ದಿತ್ತು. ಆ ಸಂಜೆ ಅವನು ಎರಡು ಹಿಟ್ ಹೊಡೆದ.

ಮರುದಿನ ನಾಲ್ಕು ಗಂಟೆಗೆ ಹೋಬರ್ಟ್ ರಾಜಿಗೆಂದು ಒಂದು ದೊಡ್ಡ ಕರಬೂಜದ ಹಣ್ಣು ಹಿಡಿದು ಮನೆಗೆ ಬಂದ. ಲೊರೀನ್ ಜಗುಲಿಯಲ್ಲಿ ನಿಂತಿದ್ದಳು, ಅವಳ ತುಟಿಯಂಚಿನಲ್ಲಿ ನಗು ಇತ್ತು. ಅಷ್ಟರಲ್ಲಿ ವಾಂದಿ ಓಡಿ ಬಂದು ಇಬ್ಬರ ನಡುವೆ ಕೈ ಚಾಚಿ ನಿಂತ. ಅವನು ಇವರಿಬ್ಬರನ್ನೂ ತನ್ನ ಭಾಷೆಯಲ್ಲಿ ಪಾಪಿ, ಮಮಿ, ಅಂದರೆ ಅಪ್ಪ, ಅಮ್ಮ ಎಂದೇ ಕರೆಯುತ್ತಿದ್ದ.

"ಬೇಡ ಪಾಪಿ, ಬೇಡ! ಒಳಗೆ ಬರ್ಬೇಡ! ಮಮಿ ಲೊರೀನ್, ಬೈಯಿ. ದಯವಿಟ್ಟು ಬೈಯಿ. ನಿನ್ನೆ ಥರಾನೇ."

ಹೋಬರ್ಟನಿಗೆ ಅರ್ಥವಾಯಿತು. ಆಟಗಾರರ ಮಧ್ಯೆಯೇ ಬಾಳು ಸವೆಸಿದವನು ಅವನು. ಹಿಟ್ ಬಿದ್ದ ದಿನ ಏನೇನು ನಡೆಯಿತೋ ಅದೆಲ್ಲ ಮರುದಿನವೂ ನಡೆಯಬೇಕು, ಇದು ಇವರ ವೇದವಾಕ್ಯ. ಒಬ್ಬ ಸಾಕ್ಸ್ ಒಗೆಯುವುದಿಲ್ಲ. ಇನ್ನೊಬ್ಬ ತಿಂಗಳುಗಟ್ಟಲೆ ಒಂದೇ ಬಾಗಿಲಲ್ಲಿ ಹೋಗಿ ಬರುತ್ತಾನೆ. ಸ್ವತಃ ಹೋಬರ್ಟ್ ಕೂಡ ಸುಣ್ಣದ ಗೆರೆಯನ್ನು ತುಳಿಯದೆ ದಾಟುವವನೇ. ಹುಡುಗನ ಕಣ್ಣಲ್ಲಿ ನೀರು ತುಂಬಿತ್ತು, ಅವನ ದೇಶದಲ್ಲಿ ತಾಯಿ ಮತ್ತು ತಂಗಿಯರು ಅವನ ಗಳಿಕೆಗೆ ಕಾಯುತ್ತಿದ್ದರು.

"ಒಂದ್ ದಿನ ತಾನೇ," ಎಂದಳು ಲೊರೀನ್.

"ಆಗ್ಲಿ, ಒಂದ್ ದಿನ," ಎಂದ ಹೋಬರ್ಟ್.

ಲೊರೀನ್ ನಗು ತಡೆದುಕೊಂಡು ಕೂಗಿದಳು, ಹೋಬರ್ಟ್ ತನ್ನ ಮಾತು ಹೇಳಿದ, ಬಾಣಲೆ ಹಾರಿತು. ಆ ಸಂಜೆಯೂ ಹಿಟ್ ಬಿತ್ತು. ಅದರ ಮರುದಿನವೂ ಬಿತ್ತು. ಮೂರನೆಯ ದಿನ ಡ್ವೈಟ್ ಕೆಗ್ಲಿ ಮನೆಗೆ ಬಂದ. ಡ್ವೈಟ್ ಕ್ಲಬ್ಬಿನ ಮ್ಯಾನೇಜರು. ಟಿಕೆಟ್ ಹರಿಯುವವನೂ, ಸಾಸೇಜ್ ಬೇಯಿಸುವವನೂ, ರೇಡಿಯೋದಲ್ಲಿ ಆಟ ವಿವರಿಸುವವನೂ ಅವನೇ.

"ಮಿಸ್ ಲೊರೀನ್," ಎಂದ ಡ್ವೈಟ್ ಟೋಪಿ ಹಿಡಿದುಕೊಂಡು, "ಪ್ರತಿ ಆಟದಲ್ಲೂ ಒಂದಾದ್ರೂ ಹಿಟ್ ಹೊಡೀತಾ ಹೋದ್ರೆ ಇವ್ನು ಲೀಗಿನ ದಾಖಲೆ ಮುರೀತಾನೆ. ಮೂವತ್ತು ಆಟದ್ದು. ಆ ಕೋಲ್ಟನ್ ಊರಿನವರ ಹೆಸ್ರಲ್ಲಿದೆ ಅದು. ಕೋಲ್ಟನ್ನೋರು! ನೀವಿಬ್ರೂ ದೊಡ್ಡ ಮನಸ್ಸು ಮಾಡಿ ಜಗಳ ಮುಂದುವರಿಸ್ಬೇಕು."

"ನಾನೆಲ್ಲಿ ಮಲಗ್ಲಿ?" ಎಂದ ಹೋಬರ್ಟ್.

"ಕ್ಲೆಲ್ ಮನೇಲೇ ಮಲಗು. ಮೊದಲ್ನೇ ದಿನ ಅಲ್ಲೇ ತಾನೆ ಮಲಗಿದ್ದು?"

ಹೀಗೆ ಜಗಳ ಊರಿನ ಸ್ವತ್ತಾಯಿತು. ದಿನಾ ನಾಲ್ಕು ಗಂಟೆಗೆ ಬೀದಿಯಲ್ಲಿ ಜನ ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅಂಚೆಯವನು ಭಾನುವಾರವೂ ಚೀಲ ಹೆಗಲಿಗೇರಿಸಿ ಬಂದು, ಮಳೆ ಹುಯ್ಯುತ್ತಿದ್ದರೂ ಬಿಸಿಲು ಜಾಸ್ತಿ ಆಯ್ತೆಂದು ಹೇಳಿ ಹೋಗುತ್ತಿದ್ದ. ಹೆಡ್‌ಲೈಟು ದಿನಕ್ಕೊಂದು ಒಡೆಯಬೇಕಿತ್ತು. ಮೊದಲು ಊರಿನ ಗ್ಯಾರೇಜಿನಲ್ಲಿ ಖಾಲಿಯಾದವು, ಆಮೇಲೆ ಜಿಲ್ಲೆಯಲ್ಲೇ ಖಾಲಿಯಾದವು, ಕೊನೆಗೆ ಪಾದ್ರಿಯೇ ತನ್ನ ಗಾಡಿಯದನ್ನು ಬಿಚ್ಚಿ ತಂದುಕೊಟ್ಟ. ಲೊರೀನಳ ಗುರಿ ತಪ್ಪಿದ ದಿನ ಇಡೀ ಬೀದಿ "ಇನ್ನೊಂದ್ಸಲ, ಮಿಸ್ ಲೊರೀನ್!" ಎಂದು ಕೂಗುತ್ತಿತ್ತು. ಎಲ್ಲರಿಗಿಂತ ಹೆಚ್ಚು ಕಷ್ಟ ಪಟ್ಟದ್ದು ಸಾರ್ಜ್. ಹದಿನೈದು ದಿನ ಬ್ರೆಡ್ಡು ತಿಂದು ಹೊಟ್ಟೆ ನೆಲಕ್ಕೆ ತಾಗುವ ಹಾಗಾಗಿ, ಆಮೇಲೆ ಬಾಣಲೆ ಕಂಡರೆ ಮನೆಯ ಹಿಂದೆ ಹೋಗಿ ಅಡಗುತ್ತಿತ್ತು. ನಾಲ್ಕು ಜನ ಹಿಡಿದು ತಂದು, ಬ್ರೆಡ್ಡಿಗೆ ಕೊಬ್ಬು ಸವರಿ, ಕೈ ಮುಗಿಯುವುದೊಂದು ಬಿಟ್ಟು ಎಲ್ಲ ಮಾಡಿ ತಿನ್ನಿಸುತ್ತಿದ್ದರು.

ಬೇರೆ ಊರಿನಲ್ಲಿ ಆಟವಿದ್ದರೆ ಜಗಳ ಮುಗಿಸಿಯೇ ಬಸ್ಸು ಹೊರಡುತ್ತಿತ್ತು. ದೂರದ ಊರುಗಳಿಗೆ ಮಾತ್ರ ಬೆಳಿಗ್ಗೆಯೇ ಹೊರಡಬೇಕಿತ್ತು. ಅದಕ್ಕೆ ಬಡಗಿಯನ್ನು ಕರೆಸಿ ರ್ಯಾಟ್ಲಿಫ್ ಮನೆಯ ಜಗುಲಿಯನ್ನೇ ಬಿಚ್ಚಿಸಿದರು. ಕಂಬ, ಮೆಟ್ಟಿಲು, ತೂಗುಕುರ್ಚಿ ಎಲ್ಲವನ್ನೂ ಲಾರಿಗೆ ಹೇರಿ, ಲೊರೀನಳನ್ನೂ ನಾಯಿಯನ್ನೂ ಅಂಚೆಯವನನ್ನೂ ಕೂರಿಸಿಕೊಂಡು, ಹಿಂದೆ ಪಿಕಪ್ಪಿನಲ್ಲಿ ಹೋಬರ್ಟನನ್ನೂ ಕರೆದುಕೊಂಡು ಹೋಗಿ, ಎದುರಾಳಿಗಳ ಮೈದಾನದ ಹೊರಗೆ ಜೋಡಿಸಿ ಜಗಳ ಆಡಿಸಿದರು. ಅಲ್ಲಿಯ ಪೊಲೀಸರು ಬಂದು ಗಂಡ ಹೆಂಡತಿಯನ್ನು ಬಿಡಿಸಲು ಹೋದಾಗ ಮ್ಯೂಲ್ಸ್ ತಂಡವೆಲ್ಲ ಸೇರಿ ಪೊಲೀಸರನ್ನು ತಡೆದು ನಿಂತಿತು.

ಕ್ಲೆಲ್‌ನ ಟ್ರೇಲರಿನಲ್ಲಿ ಹೋಬರ್ಟನ ಬಾಳು ನಾಯಿಪಾಡಾಗಿತ್ತು. ಮೂರು ಹೊತ್ತೂ ಹುರಿದ ಬೊಲೋನಿ ಮಾಂಸದ ಬಿಲ್ಲೆ, ಕಾಲು ಚಾಚಲಾಗದ ಬೆಂಚು. "ಲೋ ಅಣ್ಣ, ನೀನಿರೋದು ನಂಗೇನೂ ಬೇಜಾರಿಲ್ಲ," ಎನ್ನುತ್ತಿದ್ದ ಕ್ಲೆಲ್, "ಆದ್ರೆ ನಿದ್ದೇಲಿ ಹುಲ್ಲಿನ ಹೆಸರು ಹೇಳ್ಬೇಡ, ನನ್ ನಾಯಿ ಹೆದರ್ಕೊಳುತ್ತೆ." ಹೋಬರ್ಟನಿಗೆ ತನ್ನ ಮನೆ ಬೇಕಾಗಿತ್ತು. ತನ್ನ ಮಂಚ, ತನ್ನ ಕಾಫಿ ಲೋಟ, ಬೆಳಿಗ್ಗೆ ಅಡುಗೆಮನೆಯಲ್ಲಿ ರೇಡಿಯೋಗೆ ಎದುರುತ್ತರ ಕೊಡುವ ಲೊರೀನಳ ದನಿ, ಎಲ್ಲವೂ ಬೇಕಾಗಿತ್ತು. ನಾಲ್ಕು ಗಂಟೆಗೆ ಅವಳನ್ನು ನೋಡಬಹುದು ಎಂಬುದೊಂದೇ ಅವನಿಗಿದ್ದ ಸಮಾಧಾನ.

ಮೊದಮೊದಲು ಅದು ತಮಾಷೆಯಾಗಿಯೂ ಇತ್ತು. ಬಾಣಲೆ ಎತ್ತುವ ಮುಂಚೆ ಲೊರೀನ್ ಯಾರಿಗೂ ಕೇಳಿಸದ ಹಾಗೆ, "ಹೊಟ್ಟೆಗೇನಾದ್ರೂ ಹಾಕ್ತಾನಾ ಅವ್ನು?" ಎಂದು ಕೇಳುತ್ತಿದ್ದಳು. ಒಂದು ಸಲ ಬ್ರೆಡ್ಡಿನ ಬದಲು ಅವನಿಗಿಷ್ಟವಾದ ಸೇಬಿನ ಕಡುಬು ಮಾಡಿದ್ದಳು, ಡ್ವೈಟ್ ಅದನ್ನು ಕಂಡುಹಿಡಿದು ಮತ್ತೆ ಬ್ರೆಡ್ಡೇ ಮಾಡಿಸಿದ.

ಆಟಗಳು ಇಪ್ಪತ್ತಾಗುವ ಹೊತ್ತಿಗೆ ಏನೋ ಬದಲಾಯಿತು. ಲೊರೀನ್ ಪಿಸುಗುಡುವುದನ್ನು ಬಿಟ್ಟಳು. ಆಮೇಲೆ ನಗು ತಡೆದುಕೊಳ್ಳುವುದನ್ನೂ ಬಿಟ್ಟಳು, ತಡೆಯಲು ನಗುವೇ ಬರುತ್ತಿರಲಿಲ್ಲ. "ನಾನ್ ಸತ್ರೂ ಆಟ ಇಲ್ದಿರೋ ದಿನ ನೋಡಿ ಹೂಳ್ತೀಯ ನೀನು," ಎಂದು ಅವಳು ಹೇಳುವಾಗ ಈಗ ಅವಳ ದನಿಯಲ್ಲಿ ಕೂಗಾಟವಿರಲಿಲ್ಲ. ನೇರವಾಗಿ ಅವನ ಮುಖ ನೋಡಿ ಹೇಳುತ್ತಿದ್ದಳು. "ಜೋರಾಗಿ, ಮಿಸ್ ಲೊರೀನ್, ಹಿಂದಿನವರಿಗೆ ಕೇಳಿಸ್ತಿಲ್ಲ!" ಎಂದು ಡ್ವೈಟ್ ಕೂಗಿದರೂ ಅವಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೋಬರ್ಟ್ ತನ್ನ ಮಾತು ಹೇಳಿ ನೆಲ ನೋಡಿದ. ಅವನಿಗೆ ಆ ಮಾತು ಹೇಳಲು ನಾಚಿಕೆಯಾಯಿತು.

ಒಂದು ಮಧ್ಯಾಹ್ನ ಖಾಲಿ ಮೈದಾನದಲ್ಲಿ ಹುಲ್ಲು ಕತ್ತರಿಸುತ್ತಿದ್ದಾಗ ಅವನಿಗೆ ಅತ್ತೆಯ ನೆನಪಾಯಿತು. ಲೊರೀನಳ ತಾಯಿ ಹಲವು ವರ್ಷಗಳ ಹಿಂದೆ ಇಂಥದೇ ಬೇಸಿಗೆಯಲ್ಲಿ, ಒಂದು ಗುರುವಾರ ತೀರಿಕೊಂಡಿದ್ದಳು. ಶನಿವಾರ ಮಣ್ಣು ಮಾಡುವುದೆಂದು ಮಾತಾಗಿತ್ತು. ಆದರೆ ಶನಿವಾರವೂ ಭಾನುವಾರವೂ ಎರಡೆರಡು ಆಟಗಳಿದ್ದವು, ಸಾಲದ್ದಕ್ಕೆ ಮೋಡ ಬೇರೆ. ಹೋಬರ್ಟ್ ಪಾದ್ರಿಯ ಹತ್ತಿರ ಮಾತಾಡಿ ಸೋಮವಾರಕ್ಕೆ ಹಾಕಿಸಿದ. ಊರಿನಲ್ಲಿ ಯಾರೂ ತಪ್ಪು ತಿಳಿಯಲಿಲ್ಲ, ಪಾದ್ರಿಯೂ ಆಟಕ್ಕೆ ಬರುವವನೇ. ಲೊರೀನ್ ಕೂಡ ಏನೂ ಅನ್ನಲಿಲ್ಲ. ಶನಿವಾರ, ಭಾನುವಾರ ಎರಡು ದಿನವೂ ಶವ ಇಟ್ಟಿದ್ದ ಕೋಣೆಯಲ್ಲಿ ತಾಯಿಯ ಪಕ್ಕ ಒಬ್ಬಳೇ ಕೂತಿದ್ದಳು. ಆ ಕೋಣೆಗೆ ಮೈದಾನದ ಧ್ವನಿವರ್ಧಕ ಚೆನ್ನಾಗಿ ಕೇಳಿಸುತ್ತದೆ.

ಹೋಬರ್ಟ್ ಯಂತ್ರ ನಿಲ್ಲಿಸಿದ. ಇಷ್ಟು ದಿನದಿಂದ ಅವಳು ಕೂಗುತ್ತಿದ್ದದ್ದು ಸಿಟ್ಟಿನಲ್ಲಿ ಬಾಯಿಗೆ ಬಂದ ಮಾತು ಎಂದುಕೊಂಡಿದ್ದ. ಅವಳು ಮೊದಲ ದಿನ ಅದನ್ನು ಯೋಚಿಸಿ ಹೇಳಿದ್ದಳೋ, ಹೇಳುತ್ತ ಹೇಳುತ್ತ ಅವಳಿಗೇ ನೆನಪಾಯಿತೋ, ಅವನಿಗೆ ತಿಳಿಯಲಿಲ್ಲ. ಅವಳನ್ನು ಕೇಳೋಣವೆಂದರೆ ಅವಳ ಜೊತೆ ಬೇರೆ ಮಾತಾಡುವಂತಿರಲಿಲ್ಲ.

ವಾಂದಿ ಮೂವತ್ತನೆಯ ಆಟದಲ್ಲೂ ಹಿಟ್ ಹೊಡೆದು ಕೋಲ್ಟನ್ನಿನವರ ದಾಖಲೆಗೆ ಸಮ ನಿಂತ. ಇನ್ನೊಂದು ಹಿಟ್ ಬಿದ್ದರೆ ದಾಖಲೆ ಮುರಿಯುತ್ತಿತ್ತು. ಮರುದಿನ ಶಾಲೆ, ಅಂಗಡಿ, ಬ್ಯಾಂಕು ಎಲ್ಲ ಬಾಗಿಲು ಹಾಕಿದವು. ನಾಲ್ಕು ಗಂಟೆಗೆ ರ್ಯಾಟ್ಲಿಫ್ ಮನೆಯ ಮುಂದೆ ಮರಗಳ ಮೇಲೂ ಜನವಿದ್ದರು. ಡ್ವೈಟ್ ಜಗಳವನ್ನು ರೇಡಿಯೋದಲ್ಲಿ ನೇರವಾಗಿ ಬಿತ್ತರಿಸಲು ಮೈಕು ಹಿಡಿದು ನಿಂತಿದ್ದ. ಅಂಚೆಯವನು ಹೊಸ ಬೂಟು ಹಾಕಿಕೊಂಡಿದ್ದ. ವಾಂದಿ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದ.

ಲೊರೀನ್ ಬಾಣಲೆ ಹಿಡಿದು ಹೊರಗೆ ಬಂದಳು.

"ನಿಂಗೆ ಆ ಹುಲ್ಲು ಬಿಟ್ರೆ ಬೇರೆ ಏನೂ ಕಾಣ್ಸಲ್ಲ," ಎಂದಳು. "ನಾನ್ ಸತ್ರೂ ಆಟ ಇಲ್ದಿರೋ ದಿನ ನೋಡಿ ಹೂಳ್ತೀಯ ನೀನು."

ಹೋಬರ್ಟ್ ಬಾಯಿ ತೆರೆದ. ಬರಬೇಕಾದ ಮಾತು ಬರಲಿಲ್ಲ. ಸಾಯಿ ಎಂಬ ಆ ಮಾತನ್ನು ಅವನು ಅಷ್ಟು ದಿನ ಅವಳ ಮುಖದ ಮೇಲೆ ಹೇಳಿದ್ದ, ಇನ್ನೊಂದು ಸಲ ಹೇಳಲು ಅವನಿಗೆ ಮನಸ್ಸು ಬರಲಿಲ್ಲ. ಮರದ ಮೇಲಿದ್ದವನೊಬ್ಬ, "ಹಂಗಾದ್ರೆ ಆಟ ಇಲ್ದಿರೋ ದಿನ..." ಎಂದು ನೆನಪಿಸಿದ.

"ಶನಿವಾರಾನೇ ಮಣ್ ಮಾಡ್ಬೇಕಿತ್ತು," ಎಂದ ಹೋಬರ್ಟ್. "ನಿಮ್ಮಮ್ಮನ್ನ. ನಾನ್ ನಿನ್ ಪಕ್ಕ ಕೂತ್ಕೋಬೇಕಿತ್ತು."

ಲೊರೀನ್ ಬಾಣಲೆ ಎತ್ತಿದ ಕೈ ಹಾಗೇ ಇಟ್ಟುಕೊಂಡು ನಿಂತಳು. ಆಮೇಲೆ ಮೆಲ್ಲಗೆ ಕೈ ಇಳಿಸಿದಳು.

"ಎಸೀರಿ ಮಿಸ್ ಲೊರೀನ್!" ಡ್ವೈಟ್ ಅರಚಿದ. "ದೇವ್ರಾಣೆ, ಎಸೀರಿ! ಹೆಡ್‌ಲೈಟು ಉಳ್ಕೊಂಡ್ಬಿಡುತ್ತೆ!"

ಲೊರೀನ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು, ಬಾಣಲೆಯೂ ಬ್ರೆಡ್ಡೂ ಅವಳ ಜೊತೆಗೇ ಹೋದವು. ಬ್ರೆಡ್ಡಿಲ್ಲ ಎಂದು ತಿಳಿದ ಸಾರ್ಜ್ ಹಿಡಿದಿದ್ದವರ ಕೈ ಕೊಡವಿಕೊಂಡು ಬೀದಿಯ ಕೊನೆಯವರೆಗೆ ಬಾಲ ಅಲ್ಲಾಡಿಸುತ್ತ ಓಡಿತು. ಅಂಚೆಯವನು ಹೇಳುವುದೋ ಬೇಡವೋ ಎಂದು ಯೋಚಿಸಿ, ಸಣ್ಣ ದನಿಯಲ್ಲಿ "ಬಿಸಿಲು..." ಎಂದು ಅಲ್ಲಿಗೇ ನಿಲ್ಲಿಸಿದ. ಜನ ಹೋಬರ್ಟನನ್ನು ಬಾಯಿಗೆ ಬಂದಂತೆ ಬೈದರು. ಇಡೀ ಊರಿನ ಚರಿತ್ರೆಯನ್ನೇ ಒಬ್ಬ ಮಾಲಿ ಹಾಳು ಮಾಡಿದ ಎಂದರು. ವಾಂದಿ ಮಾತ್ರ ಹೋಬರ್ಟನ ಹೆಗಲು ತಟ್ಟಿ ಮೈದಾನಕ್ಕೆ ಹೊರಟ.

ಆ ಸಂಜೆ ವಾಂದಿ ಮೂರು ಸಲ ಬ್ಯಾಟ್ ಹಿಡಿದು ಬಂದು ಮೂರು ಸಲವೂ ಬರಿಗೈಯಲ್ಲಿ ಹೋದ. ಪ್ರತಿ ಸಲವೂ ಜನರ ತಲೆಗಳು ಗೋಡೆಯ ಪಕ್ಕ ನಿಂತಿದ್ದ ಹೋಬರ್ಟನ ಕಡೆ ತಿರುಗಿದವು. ಅವನ ಕಣ್ಣು ಮಾತ್ರ ಜನರ ಮಧ್ಯೆ ಲೊರೀನಳನ್ನು ಹುಡುಕುತ್ತಿತ್ತು, ಅವಳು ಬಂದಿರಲಿಲ್ಲ. ನಾಲ್ಕನೆಯ ಸಲ ವಾಂದಿ ಮೊದಲ ಚೆಂಡಿಗೇ ಬೀಸಿದ. ಚೆಂಡು ಬೇಲಿ ದಾಟಿ, ರೈಲು ಹಳಿ ದಾಟಿ, ಕತ್ತಲಲ್ಲಿ ಎಲ್ಲೋ ಬಿತ್ತು. ದಾಖಲೆ ಟ್ಯಾಕೆಟ್ ಫೋರ್ಕಿನದಾಯಿತು. ಆಗತಾನೆ ಬೈದವರೇ ಬಂದು ಹೋಬರ್ಟನನ್ನು ಹೆಗಲ ಮೇಲೆ ಎತ್ತಿಕೊಂಡರು.

"ನಾಳೆಯಿಂದ ಹೊಸ ಮಾತು!" ಎಂದ ಡ್ವೈಟ್ ಕುಣಿಯುತ್ತ. "ಬಾಣಲೆ ಎಸೆಯೋದು ಬೇಡ, ನೀನು ದಿನಾ ನಾಲ್ಕಕ್ಕೆ 'ಶನಿವಾರಾನೇ ಮಣ್ ಮಾಡ್ಬೇಕಿತ್ತು' ಅನ್ಬೇಕು, ಅವ್ರು ಒಳಗೆ ಹೋಗಿ ಬಾಗ್ಲು ಹಾಕೋಬೇಕು. ಬನಿಯನ್ ಮೇಲೂ ಅದನ್ನೇ ಅಚ್ಚು ಹಾಕಿಸ್ತೀನಿ!"

ಬನಿಯನ್ನುಗಳು ಬೆಳಿಗ್ಗೆಯ ಹೊತ್ತಿಗೆ ಬಂದೂಬಿಟ್ಟವು. ಅದರ ಹಿಂದೆಯೇ ದೊಡ್ಡ ಕ್ಲಬ್ಬಿನಿಂದ ಫೋನೂ ಬಂತು. ವಾಂದಿ ಬ್ರಿತೊನನ್ನು ಮೇಲಿನ ತಂಡಕ್ಕೆ ಕರೆಸಿಕೊಳ್ಳಲಾಗಿದೆ, ಮಧ್ಯಾಹ್ನದ ಬಸ್ಸಿಗೇ ಹತ್ತಿಸಿ ಎಂದರು. ಹುಡುಗ ಲೊರೀನಳನ್ನು ತಬ್ಬಿಕೊಂಡು ಅತ್ತ. ಹೋಬರ್ಟನನ್ನು ಹುಡುಕಿಕೊಂಡು ಮೈದಾನಕ್ಕೂ ಬಂದ. "ಪಾಪಿ, ಅಲ್ಲಿ ನಂಗೋಸ್ಕರ ಯಾರು ಜಗಳ ಆಡ್ತಾರೆ?" ಎಂದು ಕೇಳಿದ. "ಎಲ್ಲಾ ಊರಲ್ಲೂ ಗಂಡ ಹೆಂಡ್ತಿ ಇರ್ತಾರೆ ಕಣೋ, ಹೋಗು," ಎಂದ ಹೋಬರ್ಟ್. ಬಸ್ಸು ಸೇತುವೆ ದಾಟಿ ಹೋಯಿತು.

ನಾಲ್ಕು ಗಂಟೆಗೆ ಬೀದಿಯಲ್ಲಿ ಒಂದು ಕುರ್ಚಿಯೂ ಇರಲಿಲ್ಲ. ಹುಡುಗನೇ ಹೋದ ಮೇಲೆ ಜಗಳ ಯಾರಿಗೆ ಬೇಕು? ಹೋಬರ್ಟ್ ಒಬ್ಬನೇ ಬಂದು ಮನೆಯ ಮುಂದೆ ನಿಂತ. ಬಾಗಿಲು ತಟ್ಟಲು ಧೈರ್ಯವಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಲೊರೀನ್ ತಾನೇ ಹೊರಗೆ ಬಂದಳು. ಅವಳ ಕೈಯಲ್ಲಿ ಏನೂ ಇರಲಿಲ್ಲ.

"ಯಾಕ್ ಬಂದೆ? ಹುಡುಗ ಹೋದ್ನಲ್ಲ."

"ಗೊತ್ತು."

"ಡ್ವೈಟ್ ಕಳಿಸಿದ್ನಾ?"

"ಇಲ್ಲ."

ಅಷ್ಟರಲ್ಲಿ ಬೆಟ್ಟದ ಕಡೆಯಿಂದ ಗುಡುಗು ಕೇಳಿಸಿತು. ಇಬ್ಬರೂ ತಲೆ ಎತ್ತಿ ನೋಡಿದರು. ಆಟಕ್ಕೆ ಇನ್ನು ಸ್ವಲ್ಪವೇ ಹೊತ್ತಿತ್ತು. ಮೊದಲ ಹನಿಗಳು ಪಿಕಪ್ಪಿನ ಮೇಲೆ ಬಿದ್ದವು. ಇಂಥ ಹೊತ್ತಿನಲ್ಲಿ ಹೋಬರ್ಟ್ ಯಾವತ್ತೂ ನಿಂತವನಲ್ಲ. ಊಟ ಬಿಟ್ಟು, ಮಾತು ಬಿಟ್ಟು, ಮಗಳು ಹುಟ್ಟುತ್ತಿದ್ದ ಆಸ್ಪತ್ರೆಯನ್ನೂ ಬಿಟ್ಟು ಓಡಿದವನು.

"ಮಳೆ ಬಂತಲ್ಲ," ಎಂದಳು ಲೊರೀನ್. "ಮೈದಾನ ನೆನೆಯುತ್ತೆ."

"ನೆನೀಲಿ," ಎಂದ ಹೋಬರ್ಟ್. "ಹುಲ್ಲು ತಾನೆ."

ಲೊರೀನ್ ಅವನ ಮುಖವನ್ನೇ ನೋಡಿದಳು. ಮಳೆ ಜೋರಾಯಿತು, ಅವನ ಟೋಪಿಯಿಂದ ನೀರು ಇಳಿಯತೊಡಗಿತು, ಆದರೂ ಅವನು ಕದಲಲಿಲ್ಲ. ಅವಳು ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದು ನಿಂತಳು.

"ಬೂಟು ಬಿಚ್ಚಿ ಬಾ," ಎಂದಳು.